ವಿಎಂ ನಿಧಾನವೇ? ಮೊದಲು ಪಾರ್ಟಿಷನ್ ಎಲ್ಲಿಂದ ಶುರುವಾಗಿದೆ ನೋಡಿ

ಮೊಳಕಾಲ್ಮುರು ಕಡೆಯ ಕೊಂಡ್ಲಹಳ್ಳಿಯಂಥ ಊರುಗಳ ಡಿಟಿಪಿ ಅಂಗಡಿ, ಶಾಲೆ, ಸಹಕಾರ ಸಂಘಗಳಲ್ಲಿ ಹಳೆಯ ಕಂಪ್ಯೂಟರಿನ ಡಬ್ಬ ಗುಜರಿಗೆ ಹೋದರೂ ಅದರೊಳಗಿದ್ದ ವಿಂಡೋಸ್ ಎಕ್ಸ್‌ಪಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿ, ಅಂಕಪಟ್ಟಿ ಎಲ್ಲವೂ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆ ಫಾಂಟುಗಳಲ್ಲಿ ಕೂತಿರುತ್ತವೆ. ಹೊಸ ವಿಂಡೋಸ್‌ನಲ್ಲಿ ಅವುಗಳನ್ನು ತೆರೆದರೆ ಅಕ್ಷರ ಒಡೆಯುತ್ತವೆ, ಸಾಲು ಜರುಗುತ್ತವೆ. ಹೀಗಾಗಿ ಕಂಪ್ಯೂಟರ್ ಗೊತ್ತಿರುವ ಯಾರಾದರೂ ಹಳೆ ಹಾರ್ಡ್‌ಡಿಸ್ಕನ್ನು ಇಡಿಯಾಗಿ ಒಂದು ಕಡತವಾಗಿ ಇಳಿಸಿ, ಹೊಸ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್ ಒಳಗೆ ವರ್ಚುವಲ್ ಮಷೀನ್, ಅಂದರೆ ವಿಎಂ ಆಗಿ ಓಡಿಸಿಕೊಡುತ್ತಾರೆ.

ಅದು ಓಡುತ್ತದೆ, ಆದರೆ ತೆವಳುತ್ತ ಓಡುತ್ತದೆ. ಕಡತ ತೆರೆಯುವಾಗ ಪರವಾಗಿಲ್ಲ ಅನ್ನಿಸುತ್ತದೆ. ಸೇವ್ ಕೊಟ್ಟಾಗ, ಲೆಕ್ಕದ ತಂತ್ರಾಂಶದಲ್ಲಿ ಒಂದು ರಸೀದಿ ಬರೆದಾಗ ಡಿಸ್ಕ್ ದೀಪ ಉರಿಯುತ್ತಲೇ ಇರುತ್ತದೆ. ಆಗ ಎಲ್ಲರೂ ಕೊಡುವ ಸಲಹೆ ಒಂದೇ: ರ‍್ಯಾಮ್ ಹಾಕಿಸಿ, ಇಲ್ಲದಿದ್ದರೆ ಹೊಸ ಮಷೀನ್ ಕೊಳ್ಳಿ. ದುಡ್ಡು ಬಿಚ್ಚುವ ಮೊದಲು ಒಂದು ಸಂಖ್ಯೆ ನೋಡಿ ಎಂದು ಹೇಳಲು ಈ ಲೇಖನ. ಆ ಸಂಖ್ಯೆ ನಿಮ್ಮ ಪಾರ್ಟಿಷನ್ ಡಿಸ್ಕಿನ ಯಾವ ಜಾಗದಿಂದ ಶುರುವಾಗಿದೆ ಎಂಬುದು. ನೋಡುವುದಕ್ಕೆ ಎರಡು ನಿಮಿಷ ಸಾಕು, ಕಾಸಿನ ಖರ್ಚಿಲ್ಲ. ತಪ್ಪಿದ್ದರೆ ಸರಿಪಡಿಸುವುದಕ್ಕೆ ಮಾತ್ರ ಅರ್ಧ ದಿನದ ತಾಳ್ಮೆ ಬೇಕು.

63 ಎಂಬ ಸಂಖ್ಯೆಯ ತೊಡಕು

ಡಿಸ್ಕ್ ತನ್ನ ಜಾಗವನ್ನು ಸೆಕ್ಟರ್ ಎಂಬ ತುಂಡುಗಳಲ್ಲಿ ಎಣಿಸುತ್ತದೆ. ಹಳೆಯ ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ ಅಂದರೆ 512 ಬೈಟ್. ಆಗಿನ ವಿಳಾಸ ಪದ್ಧತಿಯಲ್ಲಿ ಒಂದು ಟ್ರ್ಯಾಕಿಗೆ 63 ಸೆಕ್ಟರ್ ಎಂದು ಲೆಕ್ಕ. ಮೊದಲ ಟ್ರ್ಯಾಕನ್ನು ಬೂಟ್ ದಾಖಲೆಗೆಂದು ಬಿಟ್ಟು, ಎರಡನೇ ಟ್ರ್ಯಾಕಿನ ಮೊದಲ ಸೆಕ್ಟರಿನಿಂದ ಪಾರ್ಟಿಷನ್ ಶುರು ಮಾಡುವುದು ರೂಢಿಯಾಗಿತ್ತು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಅದು 63ನೇ ಸೆಕ್ಟರ್. 2001ರಲ್ಲಿ ಬಂದ ಎಕ್ಸ್‌ಪಿ, ಆಮೇಲಿನ ಸರ್ವರ್ 2003, ಆ ಕಾಲದ ಲಿನಕ್ಸ್‌ಗಳು ಎಲ್ಲವೂ ಹೀಗೆಯೇ ಮಾಡಿದವು. ಡಿಸ್ಕಿನ ಸೆಕ್ಟರ್ 512 ಬೈಟ್ ಇದ್ದಷ್ಟು ದಿನ ಇದರಿಂದ ಯಾವ ನಷ್ಟವೂ ಇರಲಿಲ್ಲ.

ಆಮೇಲೆ ಡಿಸ್ಕ್ ಬದಲಾಯಿತು. 2011ರ ಹೊತ್ತಿಗೆ ಹಾರ್ಡ್‌ಡಿಸ್ಕ್ ತಯಾರಕರೆಲ್ಲ 4,096 ಬೈಟಿನ ಸೆಕ್ಟರಿಗೆ ಹೊರಳಿದರು. ಇದಕ್ಕೆ ಅಡ್ವಾನ್ಸ್‌ಡ್ ಫಾರ್ಮ್ಯಾಟ್ ಎಂದು ಹೆಸರು. ಹಳೆ ತಂತ್ರಾಂಶಗಳು ಕೆಡಬಾರದೆಂದು ಇಂಥ ಬಹುಪಾಲು ಡಿಸ್ಕ್‌ಗಳು ಹೊರಗೆ 512 ಎಂದೇ ಹೇಳಿಕೊಳ್ಳುತ್ತವೆ, ಒಳಗೆ 4,096ರ ತುಂಡಿನಲ್ಲಿ ಕೆಲಸ ಮಾಡುತ್ತವೆ. ಈಗ ಲೆಕ್ಕ ಹಾಕಿ. ಒಂದು ದೊಡ್ಡ ಸೆಕ್ಟರಿನಲ್ಲಿ 8 ಚಿಕ್ಕ ಸೆಕ್ಟರುಗಳು. 63ನ್ನು 8ರಿಂದ ಭಾಗಿಸಿದರೆ 7 ಉಳಿಯುತ್ತದೆ. ಎಂದರೆ ಎಕ್ಸ್‌ಪಿಯ ಪಾರ್ಟಿಷನ್ ಒಂದು ದೊಡ್ಡ ಸೆಕ್ಟರಿನ ಕೊಟ್ಟಕೊನೆಯ ತುಂಡಿನಿಂದ ಶುರುವಾಗುತ್ತದೆ.

ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ ಸಾಮಾನ್ಯವಾಗಿ 4 ಕೆಬಿಯ ಕ್ಲಸ್ಟರುಗಳಲ್ಲಿ ಬರೆಯುತ್ತದೆ. ಕ್ಲಸ್ಟರೂ 4 ಕೆಬಿ, ಡಿಸ್ಕಿನ ಸೆಕ್ಟರೂ 4 ಕೆಬಿ. ಒಂದರ ಮೇಲೊಂದು ಸರಿಯಾಗಿ ಕೂರಬೇಕಿತ್ತು. ಆರಂಭವೇ ತಪ್ಪಿರುವುದರಿಂದ ಪ್ರತಿ ಕ್ಲಸ್ಟರಿನ ಮೊದಲ 512 ಬೈಟ್ ಒಂದು ಸೆಕ್ಟರಿನಲ್ಲಿ, ಉಳಿದ 3,584 ಬೈಟ್ ಮುಂದಿನದರಲ್ಲಿ ಬೀಳುತ್ತವೆ. ಶೇಂಗಾ ಹೊಲದಲ್ಲಿ ಎಡೆಕುಂಟೆ ಹೊಡೆಯುವವರಿಗೆ ಇದನ್ನು ವಿವರಿಸಬೇಕಿಲ್ಲ: ಕೂರಿಗೆ ಬಿಟ್ಟ ಅಂತರವೂ ಕುಂಟೆಯ ಅಂತರವೂ ಒಂದೇ ಇದ್ದರೂ, ಹೊಲದ ಈ ಬದುವಿನಲ್ಲಿ ಕುಂಟೆಯನ್ನು ನಾಲ್ಕು ಬೆರಳು ಪಕ್ಕಕ್ಕೆ ಹೂಡಿದರೆ ಆಚೆ ಬದುವಿನವರೆಗೂ ಒಂದೊಂದು ಸಾಲೂ ಪೆಟ್ಟು ತಿನ್ನುತ್ತದೆ.

ಓದುವಾಗ ನಷ್ಟ ಕಡಿಮೆ. ಬರೆಯುವಾಗಲೇ ನಿಜವಾದ ಪೆಟ್ಟು. ಅರ್ಧ ಸೆಕ್ಟರ್ ಬರೆಯಲು ಡಿಸ್ಕಿಗೆ ಬರುವುದಿಲ್ಲ. ಅದು ಎರಡೂ ಸೆಕ್ಟರುಗಳನ್ನು ಮೊದಲು ಓದಬೇಕು, ಒಳಗಿನ ಭಾಗ ಬದಲಿಸಬೇಕು, ತಟ್ಟೆ ಮತ್ತೊಂದು ಸುತ್ತು ತಿರುಗಿ ಅದೇ ಜಾಗಕ್ಕೆ ಬರುವವರೆಗೆ ಕಾಯಬೇಕು, ಆಮೇಲೆ ಬರೆಯಬೇಕು. ನಿಮಿಷಕ್ಕೆ 7,200 ಸುತ್ತಿನ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್, ಲ್ಯಾಪ್‌ಟಾಪುಗಳ 5,400 ಸುತ್ತಿನದರಲ್ಲಿ 11.1. ಕಣ್ಣಿಗೆ ಕಾಣದಷ್ಟು ಕಡಿಮೆ ಅನ್ನಿಸಬಹುದು. ಆದರೆ ಲೆಕ್ಕದ ತಂತ್ರಾಂಶ ಒಂದು ನಮೂದಿಗೆ ಹತ್ತಾರು ಸಣ್ಣ ಬರಹಗಳನ್ನು ಮಾಡುತ್ತದೆ, ಪ್ರತಿಯೊಂದಕ್ಕೂ ಈ ಕಾಯುವಿಕೆ ಸೇರುತ್ತದೆ. ದೊಡ್ಡ ಫೋಟೊ ಕಡತವನ್ನು ಒಟ್ಟಿಗೆ ಬರೆದಾಗ ಅಷ್ಟು ಗೊತ್ತಾಗುವುದಿಲ್ಲ: 64 ಕೆಬಿಯ ಒಂದು ಬರಹ 16 ಸೆಕ್ಟರಿನ ಬದಲು 17ನ್ನು ಮುಟ್ಟುತ್ತದೆ, ಅಷ್ಟೇ.

ವಿಂಡೋಸ್ ವಿಸ್ತಾ ಮತ್ತು ಸರ್ವರ್ 2008ರಿಂದ ಮೈಕ್ರೋಸಾಫ್ಟ್ ಪಾರ್ಟಿಷನ್ನಿನ ಆರಂಭವನ್ನು 2,048ನೇ ಸೆಕ್ಟರಿಗೆ, ಎಂದರೆ ಸರಿಯಾಗಿ 1 ಎಂಬಿ ಗಡಿಗೆ ತಂದಿತು. 2,048 ಅನ್ನು 8 ಶೇಷವಿಲ್ಲದೆ ಭಾಗಿಸುತ್ತದೆ. ಹಾಗಾಗಿ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 7, 10, 11ರಲ್ಲಿ ಈ ತೊಂದರೆ ಇರುವುದಿಲ್ಲ. "ಹೊಸದಾಗಿ ಸ್ಥಾಪಿಸಿದ" ಎಂಬುದನ್ನು ಮರೆಯಬೇಡಿ. ಎಕ್ಸ್‌ಪಿ ಇದ್ದ ಪಾರ್ಟಿಷನ್ನಿನ ಮೇಲೆಯೇ ವಿಂಡೋಸ್ 7 ಹಾಕಿದ್ದರೆ, ಘೋಸ್ಟ್ ತಂತ್ರಾಂಶದಿಂದ ತೆಗೆದ ಹಳೆಯ ಪ್ರತಿಯಿಂದ ಡಿಸ್ಕ್ ತುಂಬಿಸಿದ್ದರೆ, 63 ಹಾಗೇ ಉಳಿದಿರುತ್ತದೆ.

ವಿಎಂನಲ್ಲಿ ಪದರ ಹೆಚ್ಚು

ವಿಎಂ ಒಳಗಿನ ಡಿಸ್ಕ್ ಎಂಬುದು ಹೊರಗಿನ ಕಂಪ್ಯೂಟರಿಗೆ ಒಂದು ಕಡತ. ಆ ಕಡತ ಹೊರಗಿನ ಪಾರ್ಟಿಷನ್ನಿನ ಮೇಲೆ, ಆ ಪಾರ್ಟಿಷನ್ ನಿಜವಾದ ಡಿಸ್ಕಿನ ಮೇಲೆ ಕೂತಿರುತ್ತದೆ. ಹೊರಗಿನದಕ್ಕೆ ಹೋಸ್ಟ್, ಒಳಗಿನದಕ್ಕೆ ಗೆಸ್ಟ್ ಎನ್ನುತ್ತಾರೆ. ಯಾವ ಪದರದಲ್ಲಿ ಗಡಿ ತಪ್ಪಿದರೂ ಅದರ ಮೇಲಿನದೆಲ್ಲ ತಪ್ಪುತ್ತದೆ. ಹೋಸ್ಟೂ 63ರಲ್ಲಿ, ಗೆಸ್ಟೂ 63ರಲ್ಲಿ ಇದ್ದರೆ ಒಂದಕ್ಕೊಂದು ಸರಿದೂಗಬಹುದು ಎಂದುಕೊಳ್ಳಬೇಡಿ. ಕೂಡಿದರೆ 126, ಅದೂ 8ಕ್ಕೆ ಒಗ್ಗುವುದಿಲ್ಲ. ಅದಕ್ಕೇ ಪರೀಕ್ಷೆ ಕೆಳಗಿನಿಂದ ಮೇಲಕ್ಕೆ ಸಾಗಬೇಕು: ಮೊದಲು ಹೋಸ್ಟ್, ಆಮೇಲೆ ವರ್ಚುವಲ್ ಡಿಸ್ಕಿನ ಕಡತ, ಕೊನೆಗೆ ಗೆಸ್ಟ್.

ನಡುವಿನ ಪದರದ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ಅನುಭವಸ್ಥರೂ ಬಿಟ್ಟುಬಿಡುತ್ತಾರೆ. ಹಳೆ ಡಿಸ್ಕನ್ನು ಡಿಸ್ಕ್2ವಿಎಚ್‌ಡಿಯಂಥ ಉಪಕರಣದಿಂದ ಇಳಿಸಿಕೊಂಡಿದ್ದರೆ ನಿಮ್ಮ ಬಳಿ ಇರುವುದು ಬೇಕಾದಂತೆ ಬೆಳೆಯುವ ವಿಎಚ್‌ಡಿ ಕಡತವಾಗಿರಬಹುದು. ಈ ಮಾದರಿಯಲ್ಲಿ ಪ್ರತಿ 2 ಎಂಬಿ ಡೇಟಾದ ಮುಂದೆ 512 ಬೈಟಿನ ಒಂದು ನಕ್ಷೆ ಕೂರುತ್ತದೆ. ಅದರಿಂದ ಗೆಸ್ಟ್ ಸರಿಯಿದ್ದರೂ ಡೇಟಾ ಗಡಿ ತಪ್ಪುತ್ತದೆ. 2012ರಲ್ಲಿ ಬಂದ ವಿಎಚ್‌ಡಿಎಕ್ಸ್ ಮಾದರಿಯಲ್ಲಿ ಇದನ್ನು ಸರಿಪಡಿಸಲಾಯಿತು. ಈಗಿನ ವರ್ಚುವಲ್‌ಬಾಕ್ಸ್ ಸೃಷ್ಟಿಸುವ ವಿಡಿಐ, ಕೆವಿಎಂನ ಕ್ಯೂಕೌ2 ಕಡತಗಳಲ್ಲೂ ಈ ತೊಡಕಿಲ್ಲ. ವಿಎಚ್‌ಡಿ ಇದ್ದವರು ಕೆಳಗಿನ ಹಂತಗಳಲ್ಲಿ ಪ್ರತಿ ತೆಗೆಯುವಾಗಲೇ ಅದನ್ನು ವಿಡಿಐ ಮಾಡಿಕೊಂಡರೆ ಒಂದೇ ಪೆಟ್ಟಿಗೆ ಎರಡು ಕೆಲಸ ಮುಗಿಯುತ್ತದೆ.

ಸಂಖ್ಯೆ ನೋಡುವ ಬಗೆ

ವಿಂಡೋಸ್‌ನಲ್ಲಿ, ಒಳಗಾಗಲಿ ಹೊರಗಾಗಲಿ, ಸ್ಟಾರ್ಟ್ ಗುಂಡಿ ಒತ್ತಿ "ಸಿಸ್ಟಮ್ ಇನ್ಫರ್ಮೇಷನ್" ತೆರೆಯಿರಿ. ಎಕ್ಸ್‌ಪಿಯಲ್ಲಿ ಇದು ಆಕ್ಸೆಸರೀಸ್ ಪಟ್ಟಿಯ ಸಿಸ್ಟಮ್ ಟೂಲ್ಸ್ ಒಳಗಿದೆ. ಎಡಬದಿಯಲ್ಲಿ ಕಾಂಪೊನೆಂಟ್ಸ್, ಅದರೊಳಗೆ ಸ್ಟೋರೇಜ್, ಅದರೊಳಗೆ ಡಿಸ್ಕ್ಸ್. ಬಲಬದಿಯ ಪಟ್ಟಿಯಲ್ಲಿ "ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್" ಎಂಬ ಸಾಲು ಹುಡುಕಿ.

ಅಲ್ಲಿ 32,256 ಇದ್ದರೆ ಅದು 63 ಗುಣಿಲೆ 512. ಪಾರ್ಟಿಷನ್ ತಪ್ಪು ಜಾಗದಲ್ಲಿದೆ. 10,48,576 ಇದ್ದರೆ ಸರಿಯಾಗಿ 1 ಎಂಬಿ, ಏನೂ ಮಾಡಬೇಕಿಲ್ಲ. ಬೇರೆ ಸಂಖ್ಯೆ ಇದ್ದರೆ ಕ್ಯಾಲ್ಕುಲೇಟರಿನಲ್ಲಿ 4,096ರಿಂದ ಭಾಗಿಸಿ. ದಶಾಂಶ ಬಾರದಿದ್ದರೆ ಸರಿ, ಬಂದರೆ ತಪ್ಪು. ಡಿ, ಇ ಡ್ರೈವ್‌ಗಳಿದ್ದರೆ ಅವುಗಳನ್ನೂ ಒಂದೊಂದಾಗಿ ನೋಡಬೇಕು. ಎಕ್ಸ್‌ಪಿಯಲ್ಲಿ ಮಾಡಿದ ಲಾಜಿಕಲ್ ಡ್ರೈವ್‌ಗಳೂ ತಮ್ಮ ತಮ್ಮ ಜಾಗದಲ್ಲಿ ಅದೇ 63ರ ರೂಢಿಯನ್ನು ಅನುಸರಿಸಿರುತ್ತವೆ.

ಲಿನಕ್ಸ್ ಗೆಸ್ಟ್ ಆಗಿದ್ದರೆ ಜಿಪಾರ್ಟೆಡ್ ಎಂಬ ಪಾರ್ಟಿಷನ್ ಉಪಕರಣ ತೆರೆದು ಪಾರ್ಟಿಷನ್ನಿನ "ಇನ್ಫರ್ಮೇಷನ್" ನೋಡಿ. "ಫಸ್ಟ್ ಸೆಕ್ಟರ್" ಎಂದು ತೋರಿಸುವ ಸಂಖ್ಯೆ 8ರಿಂದ ಭಾಗವಾಗಬೇಕು. 2,048ರಿಂದ ಭಾಗವಾದರೆ ಇನ್ನೂ ಒಳ್ಳೆಯದು. ರೆಡ್ ಹ್ಯಾಟ್ 5, ಸೆಂಟ್‌ಓಎಸ್ 5ರ ಕಾಲದ ವಿಎಂಗಳಲ್ಲಿ 63 ಸಿಗುವುದು ಹೆಚ್ಚು.

ಇಷ್ಟೇ ಮಹತ್ವದ ಇನ್ನೊಂದು ಅಳತೆ ಕ್ಲಸ್ಟರ್ ಗಾತ್ರ. ಎಕ್ಸ್‌ಪಿಯಲ್ಲಿ ಚೆಕ್‌ಡಿಸ್ಕ್ ಓಡಿಸಿದಾಗ ಕೊನೆಯಲ್ಲಿ "ಅಲೋಕೇಷನ್ ಯೂನಿಟ್" ಎಷ್ಟು ಬೈಟ್ ಎಂದು ಬರುತ್ತದೆ. 4,096 ಇದ್ದರೆ ಮುಂದುವರಿಯಿರಿ. ಹಳೆಯ ಫ್ಯಾಟ್32 ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಪರಿವರ್ತಿಸಿದ್ದ ಯಂತ್ರಗಳಲ್ಲಿ ಇದು 512 ಆಗಿರುವುದುಂಟು. ಹಾಗಿದ್ದರೆ ಪಾರ್ಟಿಷನ್ ಸರಿಸಿ ಹೆಚ್ಚು ಲಾಭವಿಲ್ಲ.

ಸರಿಸಬೇಕೆ, ಬಿಡಬೇಕೆ?

32,256 ಕಂಡ ತಕ್ಷಣ ಕೈಹಾಕಬೇಡಿ. ಹೋಸ್ಟಿನಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದು, ವಿಎಂ ಒಳಗೆ ದಿನವೂ ಲೆಕ್ಕ ಬರೆಯುವ ಕೆಲಸ ಇದ್ದರೆ ಸರಿಪಡಿಸುವುದು ಯೋಗ್ಯ. ಒಂದೇ ಸರ್ವರಿನ ಮೇಲೆ ಹತ್ತಾರು ವಿಎಂಗಳಿದ್ದರೆ ಅದು ಕರ್ತವ್ಯವೇ ಸರಿ. ಪ್ರತಿಯೊಂದರ ಹೆಚ್ಚುವರಿ ಬರಹವೂ ಒಂದೇ ಸ್ಟೋರೇಜ್ ಮೇಲೆ ಬೀಳುತ್ತದೆ. ಎಸ್‌ಎಸ್‌ಡಿ ಇದ್ದರೆ ವೇಗದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು, ಹೆಚ್ಚುವರಿ ಬರಹದಿಂದ ಸವೆತ ಮಾತ್ರ ಆಗುತ್ತಿರುತ್ತದೆ. ಇನ್ನು ವರ್ಷಕ್ಕೆ ಎರಡು ಸಲ ಹಳೆ ಲಗ್ನಪತ್ರಿಕೆ ನೋಡಲು ಮಾತ್ರ ಎಕ್ಸ್‌ಪಿ ತೆರೆಯುವವರಾದರೆ ಅದನ್ನು ಮುಟ್ಟದಿರುವುದೇ ಲೇಸು. ಆ ಸಮಯದಲ್ಲಿ ಹಳೆ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪುಟಗಳನ್ನು ಪಿಡಿಎಫ್ ಮಾಡಿಟ್ಟರೆ ಮುಂದೆ ಎಕ್ಸ್‌ಪಿಯ ಹಂಗೇ ಇರುವುದಿಲ್ಲ.

ನಿಧಾನಕ್ಕೆ ಬೇರೆ ಕಾರಣಗಳೂ ಇರುತ್ತವೆ, ಅವುಗಳನ್ನು ಮೊದಲು ತಳ್ಳಿಹಾಕಿ. ವರ್ಚುವಲ್‌ಬಾಕ್ಸಿನ ಪೂರಕ ತಂತ್ರಾಂಶವಾದ ಗೆಸ್ಟ್ ಅಡಿಷನ್ಸ್ ಅನ್ನು ಗೆಸ್ಟಿನಲ್ಲಿ ಹಾಕಿದೆಯೇ? ಹೋಸ್ಟಿನ ಆ್ಯಂಟಿವೈರಸ್ ವಿಡಿಐ ಕಡತವನ್ನು ಪದೇಪದೇ ಜಾಲಾಡುತ್ತಿದೆಯೇ? ವಿಎಂನ ಹಿಂದಿನ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟುಗಳು ಒಂದರ ಮೇಲೊಂದು ಪೇರಿಕೊಂಡಿವೆಯೇ? ವಿಂಡೋಸ್ 10 ಅಥವಾ 11ರಲ್ಲಿ ವಿಎಂ ಕಿಟಕಿಯ ಕೆಳಮೂಲೆಯಲ್ಲಿ ಹಸಿರು ಆಮೆಯ ಚಿತ್ರ ಕಾಣುತ್ತಿದ್ದರೆ, ವಿಂಡೋಸಿನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಹಿಡಿತದಿಂದಾಗಿ ವರ್ಚುವಲ್‌ಬಾಕ್ಸ್ ತಾನೇ ಕುಂಟುತ್ತಿದೆ ಎಂದರ್ಥ; ಅದಕ್ಕೂ ಪಾರ್ಟಿಷನ್ನಿಗೂ ಸಂಬಂಧವಿಲ್ಲ.

ಶುರು ಮಾಡುವ ಮುನ್ನ

ಪಾರ್ಟಿಷನ್ ಸರಿಸುವುದೆಂದರೆ ಅದರೊಳಗಿನ ಒಂದೊಂದು ಬೈಟನ್ನೂ ಎತ್ತಿ ಪಕ್ಕಕ್ಕಿಡುವುದು. ನಡುವೆ ನಿಂತರೆ ಹಿಂದಿನ ಜಾಗದಲ್ಲೂ ಇಲ್ಲ, ಮುಂದಿನ ಜಾಗದಲ್ಲೂ ಇಲ್ಲ ಎಂಬಂತಾಗುತ್ತದೆ. ನಮ್ಮ ಕಡೆ ಕರೆಂಟು ಯಾವ ಹೊತ್ತಿಗೆ ಹೋಗುತ್ತದೆಂದು ನಿಮಗೇ ಗೊತ್ತು. ಯುಪಿಎಸ್ ಬ್ಯಾಟರಿ ಗಟ್ಟಿಯಿರುವ ಕಂಪ್ಯೂಟರ್, ಇಲ್ಲವೇ ಪೂರ್ತಿ ಚಾರ್ಜ್ ಆಗಿ ತಂತಿಗೂ ಸಿಕ್ಕಿಸಿರುವ ಲ್ಯಾಪ್‌ಟಾಪ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಹೋಸ್ಟ್ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗ್ ಬದಲಿಸಿ. ವಿಂಡೋಸ್ ಅಪ್‌ಡೇಟನ್ನು ಒಂದು ವಾರ ತಡೆಹಿಡಿಯಿರಿ. ಅರ್ಧದಲ್ಲಿ ಅದು ತಾನೇ ರೀಸ್ಟಾರ್ಟ್ ಮಾಡಿದರೆ ಕರೆಂಟು ಹೋದದ್ದಕ್ಕಿಂತ ಬೇರೆಯಲ್ಲ.

ಹೋಸ್ಟಿನಲ್ಲಿ ಖಾಲಿ ಜಾಗ ನೋಡಿಕೊಳ್ಳಿ. 40 ಜಿಬಿಯ ವರ್ಚುವಲ್ ಡಿಸ್ಕ್ ಈಗ 12 ಜಿಬಿ ಕಡತವಾಗಿ ಕಾಣುತ್ತಿರಬಹುದು. ಸರಿಸುವಾಗ ಖಾಲಿ ಭಾಗವೂ ನಕಲಾಗುವುದರಿಂದ ಅದು ಪೂರ್ತಿ 40 ಜಿಬಿಗೆ ಬೆಳೆಯಬಹುದು.

ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಇರಬೇಕು. ಪೆನ್‌ಡ್ರೈವ್ ಅಥವಾ ಹೊರ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದಕ್ಕೆ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಬೇಕು. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದು ಮೂಲ ಕಡತವನ್ನೇ ನೆಚ್ಚಿಕೊಂಡಿರುತ್ತದೆ.

ಹಂತಗಳು

ಇಲ್ಲಿ ಹೇಳುವುದು ವರ್ಚುವಲ್‌ಬಾಕ್ಸ್ ಒಳಗಿನ, ಸಿ ಡ್ರೈವ್ ಒಂದೇ ಇರುವ ಎಕ್ಸ್‌ಪಿ ವಿಎಂಗೆ. ಬೇಕಾದದ್ದು ಜಿಪಾರ್ಟೆಡ್ ಲೈವ್ ಎಂಬ ಉಚಿತ ಐಎಸ್‌ಒ ಕಡತ.

1. ಎಕ್ಸ್‌ಪಿಯೊಳಗೆ ಹೋಗಿ ಸಿ ಡ್ರೈವಿಗೆ ಚೆಕ್‌ಡಿಸ್ಕ್ ಮಾಡಿಸಿ, ದೋಷಗಳನ್ನು ಸರಿಪಡಿಸುವ ಆಯ್ಕೆ ಗುರುತಿಸಿ. ದೋಷವಿರುವ ಕಡತ ವ್ಯವಸ್ಥೆಯನ್ನು ಸರಿಸಲು ಹೊರಟರೆ ಜಿಪಾರ್ಟೆಡ್ ನಿರಾಕರಿಸುತ್ತದೆ, ನಿರಾಕರಿಸುವುದೇ ಒಳ್ಳೆಯದು. ಹೈಬರ್ನೇಷನ್ ತೆಗೆದುಹಾಕಿ.

2. ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡಿ. "ಸೇವ್ ಸ್ಟೇಟ್" ಬೇಡ. ಸ್ನ್ಯಾಪ್‌ಶಾಟುಗಳಿದ್ದರೆ ಹಳೆಯದರಿಂದ ಶುರುಮಾಡಿ ಒಂದೊಂದಾಗಿ ಅಳಿಸಿ. ಅಳಿಸಿದಾಗ ಅವು ಮೂಲ ಡಿಸ್ಕಿನಲ್ಲಿ ವಿಲೀನವಾಗುತ್ತವೆ.

3. ಇಡೀ ವಿಎಂ ಫೋಲ್ಡರನ್ನು ಹೊರ ಡಿಸ್ಕಿಗೆ ನಕಲಿಸಿ. ಆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ.

4. ವರ್ಚುವಲ್‌ಬಾಕ್ಸಿನ ಮೀಡಿಯಾ ಮ್ಯಾನೇಜರಿನಲ್ಲಿ ಆ ಡಿಸ್ಕನ್ನು ಆರಿಸಿ "ಕಾಪಿ" ಕೊಡಿ. ಹೊಸದರ ಮಾದರಿ ವಿಡಿಐ ಇರಲಿ. ಇನ್ನು ಮುಂದಿನ ಎಲ್ಲ ಕೆಲಸ ಈ ಪ್ರತಿಯ ಮೇಲೆ. ವಿಎಂ ಸೆಟ್ಟಿಂಗ್ಸ್‌ನಲ್ಲಿ ಹಳೆ ಡಿಸ್ಕನ್ನು ಬೇರ್ಪಡಿಸಿ, ಅದೇ ಕಂಟ್ರೋಲರಿನ ಅದೇ ಜಾಗಕ್ಕೆ ಹೊಸದನ್ನು ಸಿಕ್ಕಿಸಿ. ಐಡಿಇಯಲ್ಲಿದ್ದದ್ದನ್ನು ಸಾಟಾಕ್ಕೆ ಬದಲಿಸಿದರೆ ಎಕ್ಸ್‌ಪಿ 7ಬಿ ದೋಷದ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಒಮ್ಮೆ ಬೂಟ್ ಮಾಡಿ ಪ್ರತಿ ಸರಿಯಾಗಿ ಓಡುತ್ತದೆಯೇ ನೋಡಿಕೊಳ್ಳಿ.

5. ಪ್ರತಿಯ ಒಳಗೆ ರಿಜಿಸ್ಟ್ರಿ ಎಡಿಟರ್ ತೆರೆದು, ಲೋಕಲ್ ಮಷೀನ್ ವಿಭಾಗದ ಸಿಸ್ಟಮ್ ಕೆಳಗಿರುವ "ಮೌಂಟೆಡ್ ಡಿವೈಸಸ್" ಕೀಲಿಗೆ ಹೋಗಿ. ಸಿ ಡ್ರೈವ್ ಎಂದರೆ ಯಾವ ಡಿಸ್ಕಿನ ಎಷ್ಟನೇ ಬೈಟಿನಿಂದ ಶುರುವಾದದ್ದು ಎಂದು ಎಕ್ಸ್‌ಪಿ ಇಲ್ಲಿ ಬರೆದಿಟ್ಟುಕೊಂಡಿರುತ್ತದೆ. ಪಾರ್ಟಿಷನ್ ಸರಿದಾಗ ಆ ವಿಳಾಸ ಸುಳ್ಳಾಗಿ, ಲಾಗಿನ್ ಪರದೆಯಲ್ಲೇ ಸಿಕ್ಕಿಕೊಳ್ಳುವ ಅಪಾಯವಿದೆ. ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಡೀಫಾಲ್ಟ್ ಎಂಬುದನ್ನು ಬಿಟ್ಟು ಉಳಿದ ನಮೂದುಗಳನ್ನು ಅಳಿಸಿ, ಕೂಡಲೇ ಶಟ್‌ಡೌನ್ ಮಾಡಿ. ಮುಂದಿನ ಬೂಟ್‌ನಲ್ಲಿ ಎಕ್ಸ್‌ಪಿ ಈ ಪಟ್ಟಿಯನ್ನು ತಾನೇ ಹೊಸದಾಗಿ ಬರೆದುಕೊಳ್ಳುತ್ತದೆ. ಮೂಲ ಡಿಸ್ಕಿನ ಮೇಲೆ ಈ ಹಂತವನ್ನು ಎಂದೂ ಮಾಡಬೇಡಿ.

6. ವರ್ಚುವಲ್‌ಬಾಕ್ಸಿನಲ್ಲಿ ತಾತ್ಕಾಲಿಕವಾಗಿ ಇನ್ನೊಂದು ವಿಎಂ ಮಾಡಿ: ಲಿನಕ್ಸ್ 64 ಬಿಟ್, 1 ಅಥವಾ 2 ಜಿಬಿ ರ‍್ಯಾಮ್, ಸ್ವಂತ ಡಿಸ್ಕ್ ಬೇಡ. ಅದಕ್ಕೆ ನಿಮ್ಮ ಪ್ರತಿಯ ವಿಡಿಐಯನ್ನೂ ಜಿಪಾರ್ಟೆಡ್ ಐಎಸ್‌ಒವನ್ನೂ ಸಿಕ್ಕಿಸಿ. ಎಕ್ಸ್‌ಪಿ ವಿಎಂ 32 ಬಿಟ್ ಆದ್ದರಿಂದ 64 ಬಿಟ್ ಐಎಸ್‌ಒ ಅದರೊಳಗೆ ಬೂಟ್ ಆಗದೆ ತೊಂದರೆ ಕೊಡಬಹುದು. ಬೇರೆ ವಿಎಂ ಮಾಡಿಕೊಂಡರೆ ಎಕ್ಸ್‌ಪಿಯ ಸೆಟ್ಟಿಂಗನ್ನೂ ಮುಟ್ಟಬೇಕಾಗಿಲ್ಲ.

7. ಜಿಪಾರ್ಟೆಡ್ ತೆರೆದಾಗ ಡಿಸ್ಕಿನ ಪಟ್ಟಿ ಕಾಣುತ್ತದೆ. 63ರಿಂದ 2,048ಕ್ಕೆ ಹೋಗಲು ಬೇಕಾದದ್ದು 1,985 ಸೆಕ್ಟರ್, 1 ಎಂಬಿಗಿಂತ ತುಸು ಕಡಿಮೆ. ಎಕ್ಸ್‌ಪಿ ಸ್ಥಾಪನೆ ಸಾಮಾನ್ಯವಾಗಿ ಡಿಸ್ಕಿನ ತುದಿಯಲ್ಲಿ ಸುಮಾರು 8 ಎಂಬಿ ಖಾಲಿ ಬಿಟ್ಟಿರುತ್ತದೆ, ಅಷ್ಟು ಧಾರಾಳ. ಖಾಲಿ ಇಲ್ಲದಿದ್ದರೆ ಹೊರಗೆ ಬಂದು ಮೀಡಿಯಾ ಮ್ಯಾನೇಜರಿನಲ್ಲಿ ಡಿಸ್ಕನ್ನು 100 ಎಂಬಿಯಷ್ಟು ಹಿಗ್ಗಿಸಿ.

8. ಪಾರ್ಟಿಷನ್ ಮೇಲೆ ಬಲ ಗುಂಡಿ ಒತ್ತಿ "ರೀಸೈಜ್/ಮೂವ್" ಆರಿಸಿ. "ಅಲೈನ್ ಟು" ಎಂಬಲ್ಲಿ "ಎಂಐಬಿ" ಇರಲಿ. "ಫ್ರೀ ಸ್ಪೇಸ್ ಪ್ರಿಸೀಡಿಂಗ್" ಎಂಬಲ್ಲಿ 1 ಎಂದು ಬರೆಯಿರಿ. ಗಾತ್ರವನ್ನು ಮುಟ್ಟಬೇಡಿ. ಒಂದೇ ಸಲಕ್ಕೆ ಒಂದೇ ಕೆಲಸ ಇರಲಿ.

9. "ಅಪ್ಲೈ" ಒತ್ತಿ. ಬೂಟ್ ಆಗದೆ ಹೋಗಬಹುದು ಎಂಬ ಎಚ್ಚರಿಕೆ ಬರುತ್ತದೆ. ನಿಮ್ಮ ಬಳಿ ಎರಡು ಪ್ರತಿಗಳಿವೆ, ಒಪ್ಪಿಕೊಳ್ಳಿ. ಮುಗಿಯುವವರೆಗೆ ಆ ಕಂಪ್ಯೂಟರಿನಲ್ಲಿ ಬೇರೆ ಕೆಲಸ ಮಾಡಬೇಡಿ. ಎನ್‌ಟಿಎಫ್‌ಎಸ್ ಬೂಟ್ ಸೆಕ್ಟರಿನಲ್ಲಿ ತನ್ನ ಮುಂದೆ ಎಷ್ಟು ಸೆಕ್ಟರುಗಳಿವೆ ಎಂಬ ಒಂದು ನಮೂದಿರುತ್ತದೆ. 63 ಇದ್ದದ್ದನ್ನು 2,048 ಎಂದು ತಿದ್ದುವ ಕೆಲಸವನ್ನೂ ಜಿಪಾರ್ಟೆಡ್ ಕೊನೆಯಲ್ಲಿ ಮಾಡುತ್ತದೆ.

10. ತಾತ್ಕಾಲಿಕ ವಿಎಂ ನಿಲ್ಲಿಸಿ, ಅದರಿಂದ ವಿಡಿಐ ಬೇರ್ಪಡಿಸಿ, ಎಕ್ಸ್‌ಪಿ ವಿಎಂ ಶುರು ಮಾಡಿ. ಮೊದಲ ಸಲ ಚೆಕ್‌ಡಿಸ್ಕ್ ಓಡಿದರೆ ಓಡಲಿ, ಹೊಸ ಯಂತ್ರಾಂಶ ಸಿಕ್ಕಿತೆಂದು ರೀಸ್ಟಾರ್ಟ್ ಕೇಳಿದರೆ ಕೊಡಿ. ಆಮೇಲೆ ಸಿಸ್ಟಮ್ ಇನ್ಫರ್ಮೇಷನ್ ತೆರೆದು 10,48,576 ಬಂದಿದೆಯೇ ಖಚಿತಪಡಿಸಿಕೊಳ್ಳಿ.

ಬೂಟ್ ಆಗದಿದ್ದರೆ

ಕಪ್ಪು ಪರದೆಯಲ್ಲಿ ಡಿಸ್ಕ್ ರೀಡ್ ಎರರ್ ಬಂದರೆ ಬೂಟ್ ಸೆಕ್ಟರಿನ ಆ ನಮೂದು ತಿದ್ದಿಲ್ಲ ಎಂದೇ ಹೆಚ್ಚಾಗಿ ಅರ್ಥ. ಎಕ್ಸ್‌ಪಿ ಸಿಡಿಯ ಐಎಸ್‌ಒದಿಂದ ಬೂಟ್ ಮಾಡಿ, ರಿಕವರಿ ಕನ್ಸೋಲಿನಲ್ಲಿ "ಫಿಕ್ಸ್‌ಬೂಟ್" ಕೊಡಿ. ವಿಂಡೋಸ್ 7 ವಿಎಂ ಆಗಿದ್ದರೆ ಕಥೆ ಬೇರೆ: ಅದರ ಬೂಟ್ ದಾಖಲೆಯಲ್ಲಿ ಪಾರ್ಟಿಷನ್ನಿನ ಆರಂಭದ ಜಾಗವೇ ಬರೆದಿರುವುದರಿಂದ ಸರಿಸಿದ ಮೇಲೆ ಬೂಟ್ ಆಗದಿರುವುದು ಸಹಜ. ಅದರ ಸ್ಥಾಪನಾ ಡಿಸ್ಕಿನಿಂದ ಬೂಟ್ ಮಾಡಿ "ಸ್ಟಾರ್ಟಪ್ ರಿಪೇರ್" ಓಡಿಸಿ, ಕೆಲವೊಮ್ಮೆ ಎರಡು ಸಲ ಓಡಿಸಬೇಕಾದೀತು. ಹಳೆಯ ಲಿನಕ್ಸ್ ವಿಎಂಗಳಲ್ಲಿ ಗ್ರಬ್ ಎಂಬ ಬೂಟ್‌ಲೋಡರನ್ನು ಮತ್ತೆ ಸ್ಥಾಪಿಸಬೇಕಾಗುತ್ತದೆ. ಇದೆಲ್ಲ ಮಾಡಿಯೂ ಆಗದಿದ್ದರೆ ಹಠ ಬೇಡ. ಹಳೆ ಡಿಸ್ಕನ್ನು ಮತ್ತೆ ಸಿಕ್ಕಿಸಿ, ಅವತ್ತಿನ ಕೆಲಸ ನಡೆಸಿ, ಬಿಡುವಾದಾಗ ಹೊಸ ಪ್ರತಿಯಿಂದ ಮತ್ತೆ ಶುರು ಮಾಡಿ.

ಡೇಟಾ ಡಿಸ್ಕ್‌ಗೆ ಇನ್ನೂ ಸುಲಭದ ದಾರಿ

ಕಾರ್ಯಾಚರಣಾ ವ್ಯವಸ್ಥೆ ಇಲ್ಲದ, ಬರೀ ಕಡತಗಳಿರುವ ಡಿಸ್ಕನ್ನು ಸರಿಸುವ ಗೋಜಿಗೇ ಹೋಗಬೇಡಿ. ಹೊಸ ವರ್ಚುವಲ್ ಡಿಸ್ಕ್ ಮಾಡಿ, ಅದನ್ನು ಜಿಪಾರ್ಟೆಡ್‌ನಲ್ಲೋ ವಿಂಡೋಸ್ 10ರಲ್ಲೋ ಪಾರ್ಟಿಷನ್ ಮಾಡಿದರೆ ಆರಂಭ ತಾನಾಗಿ 1 ಎಂಬಿಯಲ್ಲಿ ಕೂರುತ್ತದೆ. ಎಕ್ಸ್‌ಪಿಗೆ ಕಾಣಬೇಕಾದ್ದರಿಂದ ಡಿಸ್ಕ್ ಜಿಪಿಟಿ ಅಲ್ಲ, ಎಂಬಿಆರ್ ಆಗಿರಲಿ. ಕಡತಗಳನ್ನು ನಕಲಿಸಿ, ಹಳೆಯದನ್ನು ಬೇರ್ಪಡಿಸಿ, ಹೊಸದಕ್ಕೆ ಅದೇ ಡ್ರೈವ್ ಅಕ್ಷರ ಕೊಡಿ. ಎಕ್ಸ್‌ಪಿಯ ಒಳಗೇ ಪಾರ್ಟಿಷನ್ ಮಾಡಿದರೆ ಮತ್ತೆ 63ಕ್ಕೇ ಬರುತ್ತದೆ. ಅದರ ಡಿಸ್ಕ್‌ಪಾರ್ಟ್ ಉಪಕರಣದಲ್ಲಿ ಗಡಿ ಹೇಳುವ ಆಯ್ಕೆ ಇಲ್ಲ. ಸರ್ವರ್ 2003ರ ಸರ್ವಿಸ್ ಪ್ಯಾಕ್ 1ರಲ್ಲಿ ಅದು ಬಂತು.

ಕಾಲೇಜು ಲ್ಯಾಬುಗಳಲ್ಲಿ, ಕಚೇರಿಗಳ ಸರ್ವರುಗಳಲ್ಲಿ ವಿಎಂ ನೋಡಿಕೊಳ್ಳುವ ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಹುಡುಗರಿಗೆ, ಹುಡುಗಿಯರಿಗೆ ಒಂದು ವಿಷಯ ಒತ್ತಿ ಹೇಳಬೇಕು. ಒಂದು ಟೆಂಪ್ಲೇಟಿನಿಂದ ಮೂವತ್ತು ವಿಎಂ ಮಾಡಿದ್ದರೆ ಒಂದು ತಪ್ಪು ಮೂವತ್ತಾಗಿದೆ. ಮೊದಲು ಟೆಂಪ್ಲೇಟಿನ ಪ್ರತಿ ತೆಗೆದು ಅದನ್ನು ಸರಿಪಡಿಸಿ, ಮುಂದಿನ ವಿಎಂಗಳನ್ನೆಲ್ಲ ಅದರಿಂದ ಮಾಡಿ. ಆದರೆ ಲಿಂಕ್ಡ್ ಕ್ಲೋನುಗಳಿರುವ ಮೂಲ ಡಿಸ್ಕನ್ನು ಮುಟ್ಟಲೇಬೇಡಿ. ಕ್ಲೋನುಗಳು ಮೂಲದಿಂದ ತಮಗಿರುವ ವ್ಯತ್ಯಾಸವನ್ನಷ್ಟೇ ಇಟ್ಟುಕೊಂಡಿರುತ್ತವೆ. ಮೂಲ ಅಲ್ಲಾಡಿದರೆ ಅಷ್ಟೂ ಕೆಡುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಜಿಪಾರ್ಟೆಡ್‌ನಲ್ಲಿ "ಅಲೈನ್ ಟು" ಎಂಬುದನ್ನು "ಸಿಲಿಂಡರ್"ಗೆ ಬಿಡುವುದು. ಅದು ಮತ್ತೆ ಹಳೇ ರೂಢಿ. ಗಂಟೆಗಟ್ಟಲೆ ಕಾದು 63ಕ್ಕೇ ಮರಳುತ್ತೀರಿ.

ಎರಡು ಮೂರು ಪಾರ್ಟಿಷನ್‌ಗಳಿದ್ದಾಗ ಮೊದಲನೆಯದರಿಂದ ಶುರು ಮಾಡುವುದು. ಬಲಕ್ಕೆ ಸರಿಸುವಾಗ ಬಲತುದಿಯದು ಮೊದಲು ಜಾಗ ಬಿಡಬೇಕು. ಲಾಜಿಕಲ್ ಡ್ರೈವ್‌ಗಳಿದ್ದರೆ ಅವುಗಳನ್ನು ಹೊತ್ತ ಎಕ್ಸ್‌ಟೆಂಡೆಡ್ ಪಾರ್ಟಿಷನ್ನನ್ನು ಮೊದಲು ಹಿಗ್ಗಿಸಬೇಕು. ಇಷ್ಟು ತೊಡಕಿರುವ ಡಿಸ್ಕಾದರೆ ಡೇಟಾ ಡ್ರೈವ್‌ಗಳನ್ನು ಹೊಸ ಡಿಸ್ಕಿಗೆ ಸಾಗಿಸಿ, ಸಿ ಮಾತ್ರ ಉಳಿಸಿಕೊಂಡು ಸರಿಸುವುದೇ ಜಾಣತನ.

ಡೈನಾಮಿಕ್ ಡಿಸ್ಕ್ ಆಗಿ ಪರಿವರ್ತಿಸಿದ್ದನ್ನು, ಬಿಟ್‌ಲಾಕರ್ ಬೀಗ ಹಾಕಿದ್ದನ್ನು ಹಾಗೆಯೇ ಸರಿಸಲು ಹೊರಡುವುದು. ಮೊದಲನೆಯದು ಜಿಪಾರ್ಟೆಡ್‌ಗೆ ಆಗದ ಕೆಲಸ. ಎರಡನೆಯದರಲ್ಲಿ ಮೊದಲು ಬೀಗ ಪೂರ್ತಿ ತೆಗೆಯಬೇಕು.

ಸೆಕೆಂಡ್‌ಹ್ಯಾಂಡ್ ಡಿಸ್ಕಿನ ಜಂಪರ್ ಗಮನಿಸದಿರುವುದು. ವೆಸ್ಟರ್ನ್ ಡಿಜಿಟಲ್ ತನ್ನ ಆರಂಭದ 4 ಕೆಬಿ ಡಿಸ್ಕ್‌ಗಳಲ್ಲಿ ಎಕ್ಸ್‌ಪಿ ಬಳಸುವವರಿಗಾಗಿ 7–8ನೇ ಪಿನ್ನುಗಳಿಗೆ ಒಂದು ಜಂಪರ್ ಹಾಕಲು ಅವಕಾಶ ಕೊಟ್ಟಿತ್ತು. ಅದು ಎಲ್ಲ ವಿಳಾಸಗಳನ್ನೂ ಒಂದು ಸೆಕ್ಟರ್ ಮುಂದಕ್ಕೆ ತಳ್ಳಿ 63ನ್ನು 64 ಮಾಡುತ್ತದೆ. ಅಂಥ ಡಿಸ್ಕನ್ನು ಹೋಸ್ಟಿಗೆ ಹಾಕಿದರೆ ಸರಿಯಾದ 2,048 ಕೂಡ ಒಳಗೆ 2,049 ಆಗಿ ತಪ್ಪುತ್ತದೆ, ಸಂಖ್ಯೆ ನೋಡಿದರೆ ಮಾತ್ರ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಖಾಲಿ ಡಿಸ್ಕ್ ಆಗಿದ್ದಾಗಲೇ ಜಂಪರ್ ತೆಗೆದು ಹೊಸದಾಗಿ ಪಾರ್ಟಿಷನ್ ಮಾಡಿ. ಡೇಟಾ ಇರುವಾಗ ತೆಗೆದರೆ ಡೇಟಾ ಸಿಗುವುದಿಲ್ಲ.

ಕೆಲಸ ಮುಗಿದ ಸಂತೋಷದಲ್ಲಿ ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡುವುದು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಅದರ ಬೆಂಬಲ ನಿಲ್ಲಿಸಿದೆ. ವಿಎಂನ ನೆಟ್‌ವರ್ಕ್ ಅಡಾಪ್ಟರ್ ತೆಗೆದುಬಿಡಿ, ಕಡತಗಳನ್ನು ಶೇರ್ಡ್ ಫೋಲ್ಡರಿನ ಮೂಲಕ ಹೊರಗೆ ತನ್ನಿ. ಗಿರಾಕಿಗಳು ತರುವ ಪೆನ್‌ಡ್ರೈವನ್ನು ನೇರ ಎಕ್ಸ್‌ಪಿಗೆ ಸಿಕ್ಕಿಸಬೇಡಿ, ಹೋಸ್ಟಿನಲ್ಲಿ ತಪಾಸಣೆ ಮಾಡಿಯೇ ಒಳಗೆ ಬಿಡಿ.

ಹೊಸ ವಿಡಿಐ ಸರಿಯಾಗಿ ಓಡಿತೆಂದು ಅದೇ ದಿನ ಹಳೆಯದನ್ನು ಅಳಿಸಬೇಡಿ. ಒಂದು ತಿಂಗಳ ಕೆಲಸ ನಡೆಯಲಿ, ಒಂದು ಜಾತ್ರೆಯ ಕರಪತ್ರ ಅಚ್ಚಾಗಲಿ, ಸಂಘದ ಒಂದು ತಿಂಗಳ ಲೆಕ್ಕ ತಾಳೆಯಾಗಲಿ. ಆಮೇಲೆ ಹೋಸ್ಟಿನಲ್ಲಿರುವ ಹಳೆಯ ಡಿಸ್ಕನ್ನು ಅಳಿಸಿ; ಹೊರ ಡಿಸ್ಕಿನಲ್ಲಿರುವ ಪ್ರತಿಯನ್ನು ಮಾತ್ರ ಹಾಗೇ ಇರಗೊಡಿ.